ರೊಮೇನಿಯಾವನ್ನು ತಿಂದ ಬಲ್ಬು

ನಿನ್ನೆ ರಾತ್ರಿಯೂ ಬುಕಾರೆಸ್ಟ್ ಸಿಗಲಿಲ್ಲ. ಬುಕಾರೆಸ್ಟಿನ ತಪ್ಪೇನೂ ಇಲ್ಲ. ರೊಮೇನಿಯಾದ ಆ ರಾಜಧಾನಿಯಿಂದ ಹೊರಟ ರೇಡಿಯೋ ಅಲೆ ಆಕಾಶಕ್ಕೆ ತಾಗಿ, ನೆಲಕ್ಕೆ ಪುಟಿದು, ಮರುಭೂಮಿ, ಸಮುದ್ರ ದಾಟಿ, ಸುಮಾರು ಆರು ಸಾವಿರ ಕಿಲೋಮೀಟರ್ ಪ್ರಯಾಣ ಮಾಡಿ ಮೈಸೂರಿನ ನಮ್ಮ ಮನೆಯ ತಾರಸಿಯ ತಂತಿಯವರೆಗೂ ಬಂದಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ರಾಯರು ಗೇಟಿನ ಬಲ್ಬು ಹಾಕಿದರು. ರೇಡಿಯೋದಲ್ಲಿ ರೊಮೇನಿಯಾದ ಬದಲು ಕಾದ ಎಣ್ಣೆಗೆ ಹಪ್ಪಳ ಬಿಟ್ಟ ಸದ್ದು.

ದೂರದೇಶಗಳ ಶಾರ್ಟ್‌ವೇವ್ ರೇಡಿಯೋ ಕೇಳುವವರಿಗೆ ಬೆಳಗಾಗುವುದೇ ಸೂರ್ಯ ಮುಳುಗಿದ ಮೇಲೆ. ಮೇಲೆ ಆಕಾಶದಲ್ಲಿ ಬಿಸಿಲಿಗೆ ವಿದ್ಯುತ್ ಕಣಗಳು ತುಂಬಿಕೊಂಡ ಅಯಾನು ಪದರಗಳಿವೆ. ಹಗಲಿಡೀ ಅಲೆಗಳನ್ನು ಹೀರುತ್ತಿದ್ದ ಕೆಳಗಿನ ಪದರ ಆಗ ಕರಗುತ್ತದೆ. ದೂರದ ನಿಲಯಗಳು ಮೇಲಿನ ಪದರಕ್ಕೆ ತಾಗಿ ಒಂದೊಂದಾಗಿ ಇಳಿದು ಬರತೊಡಗುತ್ತವೆ. ಪ್ರಕೃತಿ ಇಷ್ಟೆಲ್ಲ ಅಣಿ ಮಾಡಿಕೊಡುವ ಗಳಿಗೆಯೂ ರಾಯರು ಸ್ವಿಚ್ಚಿಗೆ ಕೈ ಹಾಕುವ ಗಳಿಗೆಯೂ ಒಂದೇ.

ಇಂಥ ಅಗ್ಗದ ಎಲ್‌ಇಡಿ ಬಲ್ಬಿನ ಹೊಟ್ಟೆಯಲ್ಲಿ ಒಂದು ಪುಟ್ಟ ಸರ್ಕ್ಯೂಟ್ ಇರುತ್ತದೆ. ಅದು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕಡಿದು ಜೋಡಿಸುತ್ತದೆ. ಆ ಗದ್ದಲ ಹೊರಗೆ ಬಾರದಂತೆ ತಡೆಯಲು ಒಂದಿಷ್ಟು ಬಿಡಿಭಾಗ ಹಾಕಬೇಕು. ಕಾಸು ಉಳಿಸುವವರು ಮೊದಲು ಕೈಬಿಡುವುದು ಅವನ್ನೇ. 1935ರಲ್ಲಿ ಇದೇ ಊರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಬಾನುಲಿ ಪ್ರಸಾರ ಆರಂಭಿಸಿದಾಗ ಅವರ ಬಳಿ ಇದ್ದದ್ದು 30 ವಾಟಿನ ಯಂತ್ರ. ನಮ್ಮ ರಾಯರು 9 ವಾಟಿನಲ್ಲೇ ಇಡೀ ಬೀದಿಗೆ ಪ್ರಸಾರ ಮಾಡುತ್ತಿದ್ದಾರೆ. ಕಾರ್ಯಕ್ರಮ ಮಾತ್ರ ಒಂದೇ.

ಮೂಲ ಪತ್ತೆ ಹಚ್ಚಲು ಒಂದು ರಾತ್ರಿ ಕೈಯಲ್ಲಿ ಸಣ್ಣ ರೇಡಿಯೋ ಹಿಡಿದು, ಗೋಡೆಗೋಡೆಗೂ ಅದನ್ನು ಒತ್ತುತ್ತಾ ಬೀದಿಯುದ್ದಕ್ಕೂ ನಡೆದಿದ್ದೆ. ಮೂಲೆ ಮನೆಯ ಅಜ್ಜಿ ಕಿಟಕಿ ತೆರೆದು, "ನೀರು ಎಲ್ಲಿ ಸಿಗುತ್ತದೆ ಎಂದು ನೋಡುತ್ತಿದ್ದೀರಾ?" ಎಂದರು. ರಾಯರ ಗೇಟಿನ ಬಳಿ ಬಂದಾಗ ರೇಡಿಯೋ ಕಿರುಚಿಕೊಂಡಿತು. ರಾಯರೂ ಹೊರಗೆ ಬಂದರು. ವಿಷಯ ಹೇಳಿದೆ.

"ಈ ಬಲ್ಬೇ? ಇದು ಎಲ್‌ಇಡಿ ಸ್ವಾಮಿ. ಏನೂ ತಿನ್ನುವುದಿಲ್ಲ."

ಇದು ರಾಯರ ಮಂತ್ರ. ಗೇಟಿನ ಬಲ್ಬು ಬೆಳಗ್ಗೆ ಒಂಬತ್ತಾದರೂ ಉರಿಯುತ್ತಿದ್ದರೆ, ಎಲ್‌ಇಡಿ, ಏನೂ ತಿನ್ನುವುದಿಲ್ಲ. ದೀಪಾವಳಿಗೆ ಕಟ್ಟಿದ ಸೀರಿಯಲ್ ಸೆಟ್ ಯುಗಾದಿಗೂ ಮಿನುಗುತ್ತಿದ್ದರೆ, ಏನೂ ತಿನ್ನುವುದಿಲ್ಲ. ಹಗಲು ಹನ್ನೆರಡಕ್ಕೆ ತುಳಸಿಕಟ್ಟೆಯ ದೀಪ, ಯಾರೂ ಇಲ್ಲದ ಮಹಡಿಯ ದೀಪ, ಎಲ್ಲದಕ್ಕೂ ಅದೇ ಉತ್ತರ. ಕರೆಂಟ್ ತಿನ್ನದಿರಬಹುದು ರಾಯರೇ, ಪರದೇಶದ ನಿಲಯಗಳು ಸಿಗುವ 31 ಮೀಟರ್ ಬ್ಯಾಂಡನ್ನು ಇಡಿಯಾಗಿ ನುಂಗಿ ಕೂತಿದೆಯಲ್ಲ ಎಂದೆ. "ಅದೆಷ್ಟು ಯೂನಿಟ್ ಆಗುತ್ತದೆ?" ಎಂದು ಕೇಳಿದರು.

ಕೊನೆಗೆ ನನ್ನದೇ ದುಡ್ಡಿನಲ್ಲಿ ಒಳ್ಳೆಯ ಬಲ್ಬೊಂದನ್ನು ತಂದುಕೊಟ್ಟೆ. ರಾಯರು ಬಹಳ ಸಂತೋಷಪಟ್ಟರು. ಅಷ್ಟು ಒಳ್ಳೆಯದನ್ನು ಗೇಟಿನಲ್ಲಿ ಮಳೆಗೆ ಹಾಕುವುದೇ ಎಂದು ಬಚ್ಚಲುಮನೆಗೆ ಹಾಕಿಕೊಂಡರು.

ಬೆಳಗಿನ ಹೊತ್ತು 40 ಮೀಟರ್ ಬ್ಯಾಂಡಿನಲ್ಲಿ ಹ್ಯಾಮ್‌ಗಳ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆಂದು ರೇಡಿಯೋದಲ್ಲಿ ಮಾತಾಡುವವರ, ಹರಟೆ ಕೇಳುವ ಸುಖಕ್ಕೂ ಹೀಗೆ ಕಲ್ಲು ಬಿದ್ದಿದೆ. ಎಂಥ ಸೊಗಸಾದ ಹರಟೆ ಅದು! ಒಬ್ಬರು "ನಿಮ್ಮ ಸಿಗ್ನಲ್ ಐದು-ಒಂಬತ್ತು, ಅತ್ಯುತ್ತಮ" ಎಂದು ಪ್ರಮಾಣಪತ್ರ ಕೊಟ್ಟು, ಮರುಕ್ಷಣವೇ "ಹೆಸರು, ಊರು ಇನ್ನೊಮ್ಮೆ ಹೇಳಿ, ಕೇಳಿಸಲಿಲ್ಲ" ಎನ್ನುತ್ತಾರೆ. ಆಮೇಲೆ ಆಂಟೆನಾ ಕಟ್ಟಿದ ತೆಂಗಿನ ಮರದ ಎತ್ತರ, ತಿಂಡಿ, ಮಳೆ. ನನ್ನ ಬಳಿ ಲೈಸೆನ್ಸ್ ಇಲ್ಲ. ಹಾಗಾಗಿ ನಡುವೆ ಬಾಯಿ ಹಾಕಿ ರಾಯರ ಮೇಲೆ ಚಾಡಿ ಹೇಳುವ ಹಾಗೂ ಇಲ್ಲ.

ರೇಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೇಳಲು ಉಳಿದಿರುವುದೇ ಸ್ವಲ್ಪ. ರೇಡಿಯೋ ನೆದರ್‌ಲೆಂಡ್ಸ್ 2012ರಲ್ಲಿ ಹೋಯಿತು. ಬಿಬಿಸಿ ಹಿಂದಿ 2020ರ ಜನವರಿಯಲ್ಲಿ ಶಾರ್ಟ್‌ವೇವ್ ಬಿಟ್ಟಿತು. ಮೊದಲೆಲ್ಲ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದರೆ ಇನ್ನೊಂದು ದೇಶ ಸಿಗುತ್ತಿತ್ತು. ಕೇಳಿದ್ದನ್ನು ಬರೆದು ಕಳಿಸಿದರೆ, ಹೌದು, ನೀವು ಕೇಳಿದ್ದು ನಮ್ಮನ್ನೇ ಎಂದು ಬಣ್ಣದ ಕ್ಯೂಎಸ್‌ಎಲ್ ಕಾರ್ಡ್ ಬರುತ್ತಿತ್ತು. ಈಗ ಒಂದು ಜಾಗದಲ್ಲಿ ದನಿ ಸಿಗದಿದ್ದರೆ ಆ ನಿಲಯವೇ ಬಾಗಿಲು ಹಾಕಿತೋ ರಾಯರ ಗೇಟು ಅಡ್ಡ ಬಂತೋ ತಿಳಿಯುವುದಿಲ್ಲ.

ನನಗೆ ಉಳಿದ ಏಕೈಕ ಆಸರೆ ಪವರ್ ಕಟ್. ಕಳೆದ ವಾರ ಮಳೆಗೆ ಇಡೀ ಬಡಾವಣೆ ಕತ್ತಲಾಯಿತು. ಬೀದಿಯೆಲ್ಲ ಶಪಿಸುತ್ತಿದ್ದರೆ ನಾನು ಬ್ಯಾಟರಿ ರೇಡಿಯೋ ಎತ್ತಿಕೊಂಡು ತಾರಸಿಗೆ ಓಡಿದೆ. ಆಹಾ, ಬುಕಾರೆಸ್ಟಿನ ಹೆಂಗಸು ಪಕ್ಕದಲ್ಲೇ ಕೂತು ಇಂಗ್ಲಿಷಿನಲ್ಲಿ ವಾರ್ತೆ ಓದುತ್ತಿದ್ದಾಳೆ! ಟಾರ್ಚ್ ಹಿಡಿದು ರಾಯರೂ ಮೇಲೆ ಬಂದರು. ತಲೆ ವಾಲಿಸಿ ಕೇಳಿದರು. "ಎಷ್ಟು ಚೆನ್ನಾಗಿ ಬರುತ್ತಿದೆ! ಸುಮ್ಮನೆ ನನ್ನ ಬಲ್ಬಿನ ಮೇಲೆ ಹೇಳುತ್ತಿದ್ದಿರಿ" ಎಂದವರೇ, ಮೊಬೈಲ್ ತೆಗೆದು ಲೈನ್‌ಮನ್‌ಗೆ ಫೋನ್ ಮಾಡಿ, ಇಲ್ಲಿ ನಮ್ಮ ಸ್ನೇಹಿತರು ಕತ್ತಲಲ್ಲಿ ಕೂತು ಕಷ್ಟಪಡುತ್ತಿದ್ದಾರೆ ಎಂದು ದಬಾಯಿಸಿದರು. ವಾರ್ತೆ ಮುಗಿಯುವ ಮೊದಲೇ ಕರೆಂಟ್ ಬಂತು.

ಮಾರನೆಯ ದಿನ ರಾಯರು ಪೇಟೆಯಿಂದ ಹೊಸ ಬಗೆಯ ಬಲ್ಬು ತಂದರು. ಒಳಗೇ ಬ್ಯಾಟರಿ, ಕರೆಂಟ್ ಹೋದರೂ ನಾಲ್ಕು ಗಂಟೆ ಉರಿಯುತ್ತದಂತೆ. ಒಂದು ಕೊಂಡರೆ ಒಂದು ಉಚಿತ. ಉಚಿತವಾಗಿ ಬಂದದ್ದನ್ನು, ನಾನು ಕತ್ತಲಲ್ಲಿ ಕೂರುವುದನ್ನು ನೋಡಲಾಗದೆ, ನಮ್ಮ ಮನೆಗೆ ಕೊಟ್ಟು ಹೋಗಿದ್ದಾರೆ. ನಾನು ಕಚೇರಿಯಿಂದ ಬರುವಷ್ಟರಲ್ಲಿ ನನ್ನಾಕೆ ಅದನ್ನು ತಾರಸಿಯ ಮೆಟ್ಟಿಲಿಗೆ ಹಾಕಿಸಿಯೂ ಆಗಿತ್ತು.