ಹಸುವಿಗೆ ಬೇಡವಾದ ನಂಟು ಮಗಳಿಗೆ ಹೇಗೆ ಬೇಕಾಯ್ತು?

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ. ಇಲ್ಲಿ ಕಕ್ಕಿಬಿಡುತ್ತೇನೆ. ಬೇಡ ಅನ್ನಿಸಿದವರು ಮುಂದಕ್ಕೆ ಹೋಗಿ, ಬೇಜಾರಿಲ್ಲ.

ಏಳಕ್ಕೆ ಹತ್ತು ನಿಮಿಷ ಇರುವಾಗ ಫೋನ್. "ಸಾರ್, ಹಸ ಬೆದೆಗೆ ಬಂದೈತೆ, ರಾತ್ರಿಯಿಂದ ಕೂಗ್ತಾ ಐತೆ." ಹೋದೆ. ನನ್ನ ಕೆಲಸ ನಿಮಗೆಲ್ಲ ಗೊತ್ತಿದ್ದದ್ದೇ. 22 ವರ್ಷದಿಂದ ಹೆಗಲುದ್ದದ ಗ್ಲೌಸ್ ಹಾಕಿಕೊಂಡು, ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುತ್ತಾ ಕೊಟ್ಟಿಗೆ ಕೊಟ್ಟಿಗೆ ತಿರುಗುವುದು. ಯಾರಾದರೂ "ನಿಮ್ಮೆಜಮಾನ್ರು ಏನು ಮಾಡ್ತಾರೆ" ಅಂತ ಕೇಳಿದರೆ ನನ್ನ ಹೆಂಡತಿ ಮಾತು ತಿರುಗಿಸುತ್ತಾಳೆ. ಅದೂ ನಿಮಗೆ ಗೊತ್ತು.

ಆ ಮನೆಯ ಯಜಮಾನರು ಬುದ್ಧಿವಂತರು. ಹೋರಿಗಳ ವೀರ್ಯ ತಣ್ಣಗಿಟ್ಟಿರುವ ನೈಟ್ರೋಜನ್ ಕ್ಯಾನಿನ ಮುಚ್ಚಳ ನಾನು ತೆಗೆಯುವ ಮುಂಚೆಯೇ ಕೇಳಿದರು.

"ಯಾವ ನಂಬರ್ ಸಾರ್ ಹಾಕ್ತಿರೋದು?"

ಹೋರಿಯ ನಂಬರ್ ಹೇಳಿದೆ.

"ಅಯ್ಯೋ, ಅದು ಬ್ಯಾಡಿ. ಇವಳು ಹುಟ್ಟಿದ್ದೇ ಆ ಹೋರಿಗಲ್ವಾ? ಅಪ್ಪಂದೇ ಮಗಳಿಗೆ ಹಾಕಿದ್ರೆ ಕರು ಕುಗ್ಗೋಗ್ತದೆ."

ಹಸುವಿನ ಕಿವಿಯ ಹಳದಿ ಓಲೆಯಲ್ಲಿದ್ದ 12 ಅಂಕಿ ಮೊಬೈಲಿಗೆ ಹೊಡೆದು ನೋಡಿದೆ. ನಿಜ, ಅದೇ ಹೋರಿ. ತಪ್ಪು ನನ್ನದೇ, ಮೊದಲೇ ನೋಡಬೇಕಿತ್ತು. ಬೇರೆ ನಂಬರಿನ ಸ್ಟ್ರಾ, ಅಂದರೆ ವೀರ್ಯ ತುಂಬಿದ ಸಣ್ಣ ಕೊಳವೆ, ಎತ್ತಿದೆ. "ಇದು ಅದರ ಮಗ ಅಲ್ಲ ತಾನೇ?" ಅಂತ ಮತ್ತೊಂದು ಪ್ರಶ್ನೆ ಬಂತು! ಕುಣಿದಾಡುವಷ್ಟು ಖುಷಿಯಾಯಿತು. ಅವರ ಮಗಳು ಬಿಸಿನೀರು ತಂದಿಟ್ಟಳು. 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್ ಸ್ಟ್ರಾ ಅದ್ದಬೇಕು. ಆ 30 ಸೆಕೆಂಡ್ ನಾನು ಮನಸ್ಸಿನಲ್ಲೇ ನಮ್ಮ ರೈತರನ್ನು ಹೊಗಳುತ್ತಾ ನಿಂತಿದ್ದೆ.

ಕೆಲಸ ಮುಗಿಸಿ ಕೈ ತೊಳೆದು ಕಾಫಿಗೆ ಕೂತರೆ ಕೈಗೆ ಲಗ್ನಪತ್ರಿಕೆ ಬಂತು. ಮಗಳ ಮದುವೆ.

"ಹುಡ್ಗ ಹೊರಗಿನೋನಲ್ಲ ಸಾರ್. ನಮ್ಮೋಳ ತಮ್ಮನೇ."

ಕಾಫಿ ಗಂಟಲಲ್ಲಿ ನಿಂತುಬಿಟ್ಟಿತು.

ಈಗ ಲೆಕ್ಕ ನೋಡಿ. ಅಪ್ಪ-ಮಗಳನ್ನು ಕೂಡಿಸಿದರೆ ಹುಟ್ಟುವ ಕರುವಿಗೆ ನಾವು ಹಾಕುವ ಅಂಕಿ 4ರಲ್ಲಿ 1. ಅಂದರೆ ಕರುವಿನ ಯಾವುದೇ ಒಂದು ಜೀನ್ ತೆಗೆದುಕೊಳ್ಳಿ. ಅದರ ಎರಡು ಪ್ರತಿಗಳಲ್ಲಿ ಒಂದು ಅಪ್ಪನಿಂದ, ಒಂದು ಅಮ್ಮನಿಂದ ಬಂದಿರುತ್ತದೆ. ಆ ಎರಡೂ ಹಿಂದಿನ ಒಂದೇ ಪ್ರತಿಯ ಜೆರಾಕ್ಸ್ ಆಗಿರುವ ಸಾಧ್ಯತೆ ಅದು. ಒಂದೇ ಹೋರಿಗೆ ಬೇರೆ ಬೇರೆ ಹಸುಗಳಲ್ಲಿ ಹುಟ್ಟಿದ ಅಣ್ಣ-ತಂಗಿಯನ್ನು ಕೂಡಿಸಿದರೆ 8ರಲ್ಲಿ 1. ಅದನ್ನೂ ಯಾವ ರೈತನೂ ಒಪ್ಪುವುದಿಲ್ಲ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟರೆ ಎಷ್ಟು ಹೇಳಿ? ಅದೂ 8ರಲ್ಲಿ 1. ಅಷ್ಟೇ. ಒಂದು ಚೂರೂ ಕಡಿಮೆ ಇಲ್ಲ. ಅತ್ತೆ ಮಗ, ಮಾವನ ಮಗಳಾದರೆ 16ರಲ್ಲಿ 1.

ಕೊಟ್ಟಿಗೆಯಲ್ಲಿ ಗೊತ್ತಿದ್ದ ಈ ಲೆಕ್ಕ ಹೊಸಿಲು ದಾಟಿ ನಡುಮನೆಗೆ ಬರುವಷ್ಟರಲ್ಲಿ ಎಲ್ಲಿ ಬಿದ್ದುಹೋಯಿತು?

ಇನ್ನೂ ಬಿಡಿಸಿ ಹೇಳುತ್ತೇನೆ. ಹುಡುಗನ ಅಪ್ಪ, ಅಂದರೆ ಹುಡುಗಿಯ ಅಜ್ಜ, ಒಂದು ಕೆಟ್ಟ ಜೀನ್ ಹೊತ್ತಿದ್ದಾನೆ ಅಂದುಕೊಳ್ಳಿ. ಜೋಡಿಯ ಇನ್ನೊಂದು ಪ್ರತಿ ಚೆನ್ನಾಗಿದೆ, ಹಾಗಾಗಿ ಅಜ್ಜನಿಗೆ ಏನೂ ಆಗಿಲ್ಲ, ಗುಂಡುಕಲ್ಲಿನ ಹಾಗೆ ಇದ್ದಾನೆ. ಮಗನಿಗೆ ಅದು ಇಳಿಯುವುದು 2ರಲ್ಲಿ 1. ಮಗಳಿಗೂ 2ರಲ್ಲಿ 1, ಅವಳಿಂದ ಮೊಮ್ಮಗಳಿಗೆ ಬರುವಷ್ಟರಲ್ಲಿ 4ರಲ್ಲಿ 1. ಮಾವನೂ ಸೊಸೆಯೂ ಇಬ್ಬರೂ ಹೊತ್ತಿದ್ದರೆ ಪ್ರತಿ ಮಗುವಿಗೂ ಎರಡೂ ಪ್ರತಿ ಕೆಟ್ಟದ್ದೇ ಬಂದು ರೋಗ ಕಾಣಿಸುವುದು 4ರಲ್ಲಿ 1. ಗುಣಿಸಿದರೆ 32ರಲ್ಲಿ 1. ಇದು ಒಂದೇ ಒಂದು ಜೀನಿನ ಮಾತು. ಅಜ್ಜಿಯ ಕಡೆಯದ್ದು ಬೇರೆ ಇದೆ. ನಮ್ಮಲ್ಲಿರುವ ಜೀನ್‌ಗಳು ಸುಮಾರು 20,000. ಹೀಗೆ ಬಚ್ಚಿಟ್ಟುಕೊಂಡ ಒಂದೆರಡು ಹುಳುಕು ನನ್ನಲ್ಲೂ ಇವೆ, ನಿಮ್ಮಲ್ಲೂ ಇವೆ. ಹೊರಗಿನವರನ್ನು ಮದುವೆಯಾದರೆ ಅವರದ್ದು ಬೇರೆ ಹುಳುಕು. ಒಂದರ ಮೇಲೊಂದು ಕೂರುವುದು ಅಪರೂಪ.

ಮೆಂಡೆಲ್ ಅನ್ನೋ ಪಾದ್ರಿ ಬಟಾಣಿ ಗಿಡ ಬೆಳೆಸಿ ಈ ಲೆಕ್ಕ ಅಚ್ಚು ಹಾಕಿಸಿದ್ದು 1866ರಲ್ಲಿ. ಆಗ ಯಾರೂ ಕ್ಯಾರೇ ಅನ್ನಲಿಲ್ಲ, 1900ರವರೆಗೆ ಕಾಯಬೇಕಾಯಿತು. ನಮ್ಮಲ್ಲಿ ಕೆಲವರು ಇನ್ನೂ ಕ್ಯಾರೇ ಅಂದಿಲ್ಲ.

ಕೆಟ್ಟ ಜೀನ್ ಹೊತ್ತ ಅಜ್ಜ ಗುಂಡುಕಲ್ಲಿನ ಹಾಗೆ ಇರುತ್ತಾನೆ ಅಂದೆನಲ್ಲ, ಅದಕ್ಕೆ ನಮ್ಮ ಕಸುಬಿನಲ್ಲೇ ಒಂದು ಕಥೆ ಇದೆ. ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ ಒಂದು ಹೆಚ್‌ಎಫ್ (ಕಪ್ಪು ಬಿಳುಪಿನ ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹೋರಿ, ಹೆಸರು ಚೀಫ್. ಹೆಣ್ಣು ಕರುಗಳೇ 16,000, ಹೆಣ್ಣು ಮೊಮ್ಮಕ್ಕಳು 5 ಲಕ್ಷ. ಎಲ್ಲರಿಗೂ ಅವನದೇ ಬೇಕು, ಯಾಕೆಂದರೆ ಮಕ್ಕಳು ಕೊಡ ತುಂಬಾ ಹಾಲು ಕೊಡುತ್ತಿದ್ದವು. ಅವನಲ್ಲಿ ಒಂದು ಜೀನಿನ ಒಂದು ಪ್ರತಿ ಕೆಟ್ಟಿತ್ತು. ಹೊರಗೆ ಏನೂ ಕಾಣಿಸಲಿಲ್ಲ. ಅವನ ವಂಶದವೇ ಒಂದಕ್ಕೊಂದು ಕೂಡುತ್ತಾ ಬಂದ ಮೇಲೆ, ಎರಡೂ ಪ್ರತಿ ಕೆಟ್ಟ ಕರು ಹೊಟ್ಟೆಯಲ್ಲೇ ಸಾಯತೊಡಗಿತು. ಪ್ರಪಂಚದಾದ್ಯಂತ ಕಂದು ಹಾಕಿದ್ದು 5 ಲಕ್ಷಕ್ಕೂ ಜಾಸ್ತಿ ಅಂತ ಆಮೇಲೆ ಲೆಕ್ಕ ಹಾಕಿದರು. ಹೋರಿಗೆ ಮಾತ್ರ ಆ ಜೀನಿನಿಂದ ಏನೂ ಆಗಲಿಲ್ಲ.

ಇನ್ನು ಕಾಮೆಂಟಿನಲ್ಲಿ ನೀವು ಏನು ಬರೆಯುತ್ತೀರಿ ಅಂತ ನನಗೆ ಗೊತ್ತು. ಒಂದೊಂದಾಗಿ ಬನ್ನಿ.

"ಬೆಡಗು ಬೇರೆ, ಗೋತ್ರ ಬೇರೆ." ಬೇರೆ ಇರಲೇಬೇಕಲ್ಲ ಸ್ವಾಮಿ! ಅದು ಅಪ್ಪನಿಂದ ಮಾತ್ರ ಬರುವ ಬೋರ್ಡು. ಜೀನ್ ಬೋರ್ಡ್ ನೋಡಿ ಬರುವುದಿಲ್ಲ. ಜೀನ್‌ಗಳನ್ನು ಪೋಣಿಸಿಕೊಂಡಿರುವ ನಮ್ಮ 46 ವರ್ಣತಂತುಗಳಲ್ಲಿ 23 ಅಮ್ಮನವು, ಹಸುವಿನ 60ರಲ್ಲಿ 30 ಅಮ್ಮನವು. ಹತ್ತು ತಲೆಮಾರಿನ ಹಿಂದೆ ಬೇರೆಯಾದ ಒಂದೇ ಗೋತ್ರದವರು ಕೂಡಬಾರದು, ಆದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕನ ಮಗಳು ಆಗುತ್ತಾಳೆ. ಭೇಷ್.

"ಬ್ಲಡ್ ಟೆಸ್ಟ್ ಮಾಡಿಸಿದ್ವಿ, ಗ್ರೂಪ್ ಬೇರೆ ಬಂತು." ಇವತ್ತು ಯಜಮಾನರೂ ಇದನ್ನೇ ಹೇಳಿದರು, ಅದೂ ಹೆಮ್ಮೆಯಿಂದ. ಎ, ಬಿ, ಓ ಗುಂಪು ಹೇಳುವ ಜೀನ್ 9ನೇ ವರ್ಣತಂತುವಿನಲ್ಲಿದೆ. ಹುಟ್ಟುಕಿವುಡಿಗೆ ಕಾರಣವಾಗುವ ಮುಖ್ಯ ಜೀನ್ ಒಂದು 13ರಲ್ಲಿದೆ. ಅದಕ್ಕೂ ಇದಕ್ಕೂ ಏನು ನಂಟು? ಒಡಹುಟ್ಟಿದ ಅಣ್ಣ-ತಂಗಿಯರ ಗ್ರೂಪೇ ಬೇರೆ ಇರುತ್ತದೆ. ಹಾಗಂತ ಅವರಿಗೂ ಮದುವೆ ಮಾಡುತ್ತೀರಾ?

"ಡಾರ್ವಿನ್ನೇ ಸೋದರಮಾವನ ಮಗಳನ್ನ ಮಾಡ್ಕೊಂಡಿದ್ದ." ಹೌದು, 1839ರಲ್ಲಿ. ಹತ್ತು ಮಕ್ಕಳು, ಮೂರು ಚಿಕ್ಕಂದಿನಲ್ಲೇ ಹೋದವು. ನಂಟಿನಿಂದಲೇ ಹೋದವು ಅಂತ ನಾನು ಹೇಳುವುದಿಲ್ಲ. ಆದರೆ ಆ ಅನುಮಾನ ಅವನನ್ನು ಕೊರೆಯುತ್ತಿತ್ತು. ವರ್ಷಗಟ್ಟಲೆ ಗಿಡಗಳನ್ನು ತಮ್ಮ ತಮ್ಮಲ್ಲೇ ಕೂಡಿಸಿ, ಬೇರೆಯವುಗಳ ಜೊತೆ ಕೂಡಿಸಿ, ಎತ್ತರ ಅಳೆದು 1876ರಲ್ಲಿ ಪುಸ್ತಕವನ್ನೇ ಬರೆದ. ತಮ್ಮಲ್ಲೇ ಕೂಡಿದ ಗಿಡಗಳು ಹೆಚ್ಚಾಗಿ ಕುಗ್ಗಿದವು. ನಮ್ಮ ಯಜಮಾನರ ಮಾತೇ, "ಕುಗ್ಗೋಗ್ತದೆ."

ಕೊನೆಯದು, "ನಮ್ಮನೇಲಿ ಮೂರು ತಲೆಮಾರಿಂದ ಸಂಬಂಧದಲ್ಲೇ, ಎಲ್ರೂ ಚೆನ್ನಾಗಿದೀವಿ." ಇದರಲ್ಲಿ ಸ್ವಲ್ಪ ಹುರುಳಿದೆ, ಒಪ್ಪುತ್ತೇನೆ. ಯಾರಿಗೇ ಆದರೂ ಹುಟ್ಟುವ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಏನಾದರೂ ಹುಟ್ಟುದೋಷ ಇರುತ್ತದೆ. ಅತ್ತೆ-ಮಾವನ ಮಕ್ಕಳು ಮದುವೆಯಾದರೆ ಅದಕ್ಕೆ ಇನ್ನೆರಡು ಮೂರು ಸೇರುತ್ತವೆ, ಅಕ್ಕನ ಮಗಳಾದರೆ ಇನ್ನೂ ಜಾಸ್ತಿ. ಅಂದರೆ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ. ಈಗಾಗಲೇ ಮದುವೆಯಾದವರು ಹೆದರಿ ಸಾಯಬೇಡಿ. ಗರ್ಭಿಣಿಯಾದಾಗ "ಸಂಬಂಧದಲ್ಲೇ ಆಗಿದ್ದು" ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಸಾಕು. ಜಮೀನು ಒಡೆಯಬಾರದು, ಹುಡುಗಿ ಗೊತ್ತಿರುವ ಮನೆಗೆ ಹೋಗಬೇಕು ಅನ್ನೋದೂ ನನಗೆ ಅರ್ಥವಾಗುತ್ತದೆ. ನಮ್ಮ ರಾಜ್ಯದಲ್ಲಿ ನಾಲ್ಕಕ್ಕೆ ಒಂದು ಮದುವೆ ನಂಟಿನಲ್ಲೇ ಆಗುವುದು ಸುಮ್ನೆ ಅಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಕೂಡ ಸೋದರಮಾವ-ಅಕ್ಕನ ಮಗಳ ಮದುವೆ ಬೇಡ ಅಂದು, ರೂಢಿ ಇದ್ದರೆ ಆಗಬಹುದು ಅಂತ ಕಿಟಕಿ ತೆರೆದಿಟ್ಟಿದೆ. ಆದರೆ ಅದೇ ಯಜಮಾನರ ಹತ್ತಿರ ಹೋಗಿ "ನೂರರಲ್ಲಿ ತೊಂಬತ್ತು ಕರು ಚೆನ್ನಾಗೇ ಹುಟ್ಟುತ್ತೆ, ಅಪ್ಪಂದೇ ಹಾಕ್ಲಾ?" ಅಂತ ಕೇಳಿ ನೋಡಿ. ಕೊಟ್ಟಿಗೆಯಿಂದ ಆಚೆ ಅಟ್ಟುತ್ತಾರೆ.

ಇವನಿಗೆ ಯಾಕಿಷ್ಟು ಉರಿ ಅಂತ ಹೊಸಬರಿಗೆ ಅನ್ನಿಸಬಹುದು. ನನ್ನ ಅಪ್ಪನಿಗೆ ಅವ್ವ ಸ್ವಂತ ಅಕ್ಕನ ಮಗಳು. ನನ್ನ ಅಕ್ಕ ಹುಟ್ಟುಕಿವುಡಿ. ಗ್ರಹಣದ ದಿನ ಅವ್ವ ಈಳಿಗೆಮಣೆ ಮುಟ್ಟಿದ್ದಕ್ಕೆ ಹಾಗಾಯಿತು ಅಂತ ನಮ್ಮಜ್ಜಿ ಸಾಯುವವರೆಗೂ ಹೇಳಿದಳು. ಅವ್ವನಿಗೆ ಅವಳು ಅತ್ತೆಯೂ ಹೌದು, ಅಜ್ಜಿಯೂ ಹೌದು, ನೋಡಿ. ಅವ್ವ ನಂಬಿಯೂಬಿಟ್ಟಳು. ಇವತ್ತಿಗೂ ಗ್ರಹಣ ಬಂದರೆ ಆ ಮಣೆಯನ್ನು ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಡುತ್ತಾಳೆ. ಅಕ್ಕನನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಗಂಡ ಹೆಂಡತಿ ಸಂಬಂಧವಾ?" ಅಪ್ಪ ತಲೆಯಾಡಿಸಿ ಸುಮ್ಮನೆ ಕೂತ. ಆ ಮಾತು ಮನೆಗೆ ಬರಲೇ ಇಲ್ಲ. ಈಳಿಗೆಮಣೆಯೇ ಗೆದ್ದಿತು.

ನನಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ಆದರೆ ಆ ಜೀನ್ ನನ್ನಲ್ಲಿ ಅಡಗಿ ಕೂತಿರುವ ಸಾಧ್ಯತೆ 3ರಲ್ಲಿ 2. ನಾನು ಅತ್ತೆ ಮಗಳನ್ನು ಬಿಟ್ಟು ಹೊರಗಿನವಳನ್ನು ಮದುವೆಯಾಗಿದ್ದು ದೊಡ್ಡ ವಿಜ್ಞಾನಿ ಅಂತಲ್ಲ. ಬಸ್ಸಿನಲ್ಲಿ ಸಿಕ್ಕಿದ ಹುಡುಗಿ ಇಷ್ಟವಾಗಿಬಿಟ್ಟಳು, ಅಷ್ಟೇ.

ಇಷ್ಟೆಲ್ಲ ಗೊತ್ತಿರುವ ಮನುಷ್ಯ ಇವತ್ತು ಆ ಮನೆಯಲ್ಲಿ ಏನು ಹೇಳಿದ ಗೊತ್ತಾ? "ಒಳ್ಳೇದಾಗ್ಲಿ ಯಜಮಾನ್ರೇ, ಖಂಡಿತ ಬರ್ತೀನಿ." ಅಷ್ಟು ಹೇಳಿ, ಅವರು ಕೊಟ್ಟ ಅವರೆಕಾಯಿ ಚೀಲ ಬೈಕಿಗೆ ಸಿಕ್ಕಿಸಿಕೊಂಡೆ.

ಗೇಟಿನ ಹತ್ತಿರ ಆ ಹುಡುಗಿ ಖಾಲಿ ಬಕೆಟ್ ಹಿಡಿದು ನಿಂತಿದ್ದಳು. ಬಿ.ಎಸ್ಸಿ. ಎರಡನೇ ವರ್ಷ. "ಸಾರ್, ಅಪ್ಪ ಆ ನಂಬರ್ ಯಾಕೆ ಬೇಡ ಅಂದ್ರು?" ಅಂದಳು. ಗೊತ್ತಿಲ್ಲದೆ ಕೇಳಿದ ಹಾಗೆ ಇರಲಿಲ್ಲ. ನಾನು ಬೈಕ್ ಕಿಕ್ ಹೊಡೆಯುತ್ತಾ, "ಅಪ್ಪನ್ನೇ ಕೇಳಮ್ಮ" ಅಂದುಬಿಟ್ಟೆ.

ಈಗ ಪತ್ರಿಕೆ ಮತ್ತೆ ತೆಗೆದು ನೋಡಿದೆ. ಧಾರೆಗೆ ಇನ್ನೂ 16 ದಿನ ಇದೆ. ಹಸು ಗಬ್ಬ ನಿಲ್ಲದಿದ್ದರೆ ಮತ್ತೆ ಬೆದೆಗೆ ಬರುವುದು 21 ದಿನಕ್ಕೆ. ಅಲ್ಲಿಯವರೆಗೆ ಅವರೇನೂ ನನಗೆ ಫೋನ್ ಮಾಡುವುದಿಲ್ಲ. ನಾಳೆ ಬೆಳಿಗ್ಗೆ ನಾನೇ ಹೋಗಬೇಕು. ಹಸು ನೋಡೋಕೆ ಬಂದೆ ಅಂತೀನಿ.