ಗಾಜಿನ ಗೋಡೆ ಯಾಕೆ ಸಾರ್?

ಮೂಡಿಗೆರೆ ಕಡೆ ಕಾಫಿ ತೋಟದೊಳಗೆ ಪರಿಸರಸ್ನೇಹಿ ಆಫೀಸ್ ಕಟ್ಟುವ ಬಗ್ಗೆ ಬರೆದಿದ್ದೀರಿ, ಖುಷಿಯಾಯಿತು. ಆದರೆ ನೀವು ಹೇಳುವ ಆ ದೊಡ್ಡ ಗಾಜಿನ ಗೋಡೆ ಬೇಡ. ಗಾಜಿನಲ್ಲಿ ಮರ ಕಂಡು ಹಕ್ಕಿಗಳು ನೇರ ಬಂದು ಬಡಿಯುತ್ತವೆ. ಹೋದ ತಿಂಗಳು ನಮ್ಮ ಆಫೀಸಿನ ಕಿಟಕಿ ಕೆಳಗೆ ಒಂದು ಪಿಕಳಾರ ಸತ್ತು ಬಿದ್ದಿತ್ತು, ಕೊಕ್ಕಿನಲ್ಲಿ ಇನ್ನೂ ಹಣ್ಣಿತ್ತು.

ನಮ್ಮ ಹಳೇ ತೊಟ್ಟಿಮನೆಗಳನ್ನು ನೋಡಿ. ಹೆಂಚಿನ ಮಾಡು, ಜಗಲಿ ದಾಟಿ ಇಳಿಯುವ ಉದ್ದ ಸೂರು. ಎಷ್ಟು ಎರಚಲು ಹೊಡೆದರೂ ಗೋಡೆ ಅಷ್ಟಾಗಿ ನೆನೆಯುವುದಿಲ್ಲ. ಸೋಲಾರ್ ಹಾಕಿ, ಆದರೆ ಆಷಾಢದಲ್ಲಿ ಇಲ್ಲಿ ಬಿಸಿಲೇ ಕಮ್ಮಿ ಅಲ್ವಾ?

ಮತ್ತೆ, ಇಳಿಜಾರನ್ನು ಸುಮ್ನೆ ಜೆಸಿಬಿ ತಂದು ಕಡಿಸಬೇಡಿ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡವರು ನಾವು. ಕಂಬದ ಮೇಲೆ ಕಟ್ಟಿ, ಮಳೆನೀರು ಅಡಿಯಲ್ಲೇ ಹರಿದುಹೋಗಲಿ.