ಬಣ್ಣ ನನ್ನ ಕಾರಿಗೆ, ಚಿಂತೆ ಮಾತ್ರ ಊರಿನವರಿಗೆ

ಕೆಂಪು ಕಾರಿಗೆ ಚಿನ್ನದ ಬಣ್ಣದ ವೀಲ್ ಹಾಕಿದರೆ ಹೇಗಿರುತ್ತದೆ ಅಂತ ಮೊಬೈಲಲ್ಲೇ ಒಂದು ಚಿತ್ರ ಮಾಡಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೊದಲ ಉತ್ತರ ಭಾವನದು. "ಏನಪ್ಪಾ, ಯಾರ ಮದುವೆ?" ಆಮೇಲೆ ಮಾವ ಬಂದರು. "ಬ್ಲ್ಯಾಕ್ ಮಾಡಿಸು, ಕೊಳೆ ಕಾಣಲ್ಲ." ಚಿಕ್ಕಪ್ಪ ಸ್ವಲ್ಪ ಗಂಭೀರ. "ಮುಂದೆ ಮಾರುವಾಗ ಯಾರೂ ಮುಟ್ಟಲ್ಲ ನೋಡು." ಅಕ್ಕ ಒಂದು ನಗುವ ಮುಖ ಹಾಕಿ ಜಾರಿಕೊಂಡಳು. ಇಷ್ಟು ಜನರಲ್ಲಿ ನಿನಗೆ ಇಷ್ಟ ಆಯ್ತಾ ಅಂತ ಒಬ್ಬರೂ ಕೇಳಲಿಲ್ಲ. ಸಣ್ಣ ವಿಷಯವೇ, ಆದರೆ ಚುರುಕ್ ಅಂದಿತು.

ಕಾರು ಮಜ್ದಾ ಎಂಎಕ್ಸ್-5, ಮೊದಲ ತಲೆಮಾರಿನದು. 1989ರಲ್ಲಿ ಶಿಕಾಗೋ ಆಟೋ ಶೋದಲ್ಲಿ ಮೊದಲು ತೋರಿಸಿದರಲ್ಲ, ಎರಡೇ ಸೀಟು, ಮಡಚುವ ಟಾಪು, ಬಾನೆಟ್ಟಿನಿಂದ ಮೇಲೆದ್ದು ಬರುವ ಹೆಡ್‌ಲೈಟು, ಅದೇ. ನಾನಿರುವ ಇಂಗ್ಲೆಂಡಿನ ಕವೆಂಟ್ರಿ ಒಂದು ಕಾಲಕ್ಕೆ ಕಾರು ಕಾರ್ಖಾನೆಗಳ ಊರು. ಇಲ್ಲಿನವರು ಮಾಡುತ್ತಿದ್ದಂಥ ತೆರೆದ ಸ್ಪೋರ್ಟ್ಸ್ ಕಾರನ್ನ ಜಪಾನಿನವರು ಎಣ್ಣೆ ಸೋರದ ಹಾಗೆ ಮಾಡಿ ತೋರಿಸಿದರು ಅಂತ ಇಲ್ಲಿನ ಹಳಬರೇ ನಗುತ್ತಾ ಒಪ್ಪಿಕೊಳ್ಳುತ್ತಾರೆ.

ನಾನು ಕೊಂಡಾಗ ಅದನ್ನ ಕೆಂಪು ಅನ್ನುವುದಕ್ಕೆ ಧೈರ್ಯ ಬೇಕಿತ್ತು. ಬಾಗಿಲು ಪರವಾಗಿಲ್ಲ. ಬಾನೆಟ್ಟು, ಬೂಟಿನ ಮೇಲ್ಭಾಗ ಎಲ್ಲಾ ಗುಲಾಬಿ, ಅದೂ ಸುಣ್ಣ ಸವರಿದ ಗುಲಾಬಿ. ವಿಡಿಯೋ ಕಾಲಿನಲ್ಲಿ ತೋರಿಸಿದ ತಕ್ಷಣ ಊರಿನಿಂದ ಬಂದ ತೀರ್ಪು ಒಂದೇ: ಫುಲ್ ಬಾಡಿ ಪೇಂಟ್ ಹೊಡೆಸಿಬಿಡು. ನಾನೂ ಹಾಗೇ ಅಂದುಕೊಂಡು ಎರಡು ಕಡೆ ರೇಟು ಕೇಳಿದ್ದೆ. ನಮಗೆ ಹೊಳೆಯುವ ಮಂತ್ರ ಅದೊಂದೇ ಅಲ್ವಾ? ಗೋಡೆ ಮಾಸಿದರೆ ಬಣ್ಣ, ಗೇಟು ಮಾಸಿದರೆ ಬಣ್ಣ, ಕಾರು ಮಾಸಿದರೂ ಬಣ್ಣ.

ಪಕ್ಕದ ಮನೆಯ ಅಜ್ಜ ಒಂದು ಕಾರು ಕಾರ್ಖಾನೆಯ ಪೇಂಟ್ ವಿಭಾಗದಲ್ಲೇ ವಯಸ್ಸು ಕಳೆದವರು. ಬೇಲಿ ದಾಟಿ ಬಂದು ಬಾನೆಟ್ಟನ್ನ ನೋಡಿದರು. ಏನೂ ಮಾತಾಡದೆ ಒಳಗೆ ಹೋಗಿ ಹಳೇ ಬನಿಯನ್ನಿನ ತುಂಡು, ಒಂದು ಡಬ್ಬಿ ಪಾಲಿಶ್ ತಂದರು. ಅಂಗೈ ಅಗಲದ ಜಾಗವನ್ನ ಬೆರಳಲ್ಲಿ ಉಜ್ಜಿದರು. ಬಟ್ಟೆ ರಕ್ತಗೆಂಪಾಯಿತು. ನನಗೆ ಎದೆ ಧಸಕ್ ಅಂದಿತು, ಇದ್ದ ಬಣ್ಣವೂ ಹೋಯಿತಲ್ಲ ಅಂತ. ಅವರು ಒರೆಸಿ ಪಕ್ಕಕ್ಕೆ ಸರಿದರು. ಗುಲಾಬಿ ಬಾನೆಟ್ಟಿನ ನಡುವೆ ಒಂದು ಅಂಗೈಯಷ್ಟು ಜಾಗ ಹಸಿಹಸಿ ಕೆಂಪು, ಅದರಲ್ಲಿ ಮೇಲಿನ ಮೋಡವೂ ಕಾಣುತ್ತಿತ್ತು. "ಬಣ್ಣ ಇಲ್ಲೇ ಇದೆಯಲ್ಲ, ಹೊಸದು ಯಾಕೆ?" ಅಂದರು.

ಇದರ ಗುಟ್ಟು ಇಷ್ಟೇ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಬಣ್ಣವಿಲ್ಲದ ಒಂದು ಪದರ ಇರುತ್ತದೆ. ಈ ಕಾರಿನ ಕ್ಲಾಸಿಕ್ ರೆಡ್‌ಗೆ, ಪೇಂಟ್ ಕೋಡ್ ಎಸ್‌ಯು, ಆ ಪದರವೇ ಇಲ್ಲ. ಬಣ್ಣವೇ ಕಡೆಯ ಪದರ. ಬಿಸಿಲು, ಗಾಳಿ, ನೀರು ನೇರವಾಗಿ ಅದರ ಮೇಲೇ ಕೂರುತ್ತವೆ. ಮೇಲ್ಮೈ ಸತ್ತು ಪುಡಿಯಾಗಿ ಗುಲಾಬಿ ಕಾಣುತ್ತದೆ, ಕೆಳಗಿನದು ಜೀವಂತವಾಗೇ ಇರುತ್ತದೆ. ಬಟ್ಟೆಗೆ ಕೆಂಪು ಹತ್ತಿದರೆ ಗಾಬರಿ ಬೇಡ, ಅದು ಸತ್ತ ಪುಡಿ. ಕ್ಲಿಯರ್ ಕೋಟ್ ಇರುವ ಕಾರಿನಲ್ಲಿ ಬಟ್ಟೆಗೆ ಬಣ್ಣ ಬಂತು ಅಂದರೆ ಮಾತ್ರ ಕೈ ನಿಲ್ಲಿಸಬೇಕು, ಮೇಲಿನ ಪದರ ಹರಿದಿದೆ ಅಂತ ಅರ್ಥ. ಆ ಪದರ ಸಿಪ್ಪೆಯ ಹಾಗೆ ಏಳುತ್ತಿದ್ದರೆ ಯಾವ ಪಾಲಿಶ್ಶೂ ಕೆಲಸ ಮಾಡಲ್ಲ, ಆಗ ಬಣ್ಣ ಹೊಡೆಸಲೇಬೇಕು.

ಆಮೇಲೆ ನಾನು ಮಾಡಿದ್ದು ವಾರಾಂತ್ಯಗಳನ್ನೆಲ್ಲ ನುಂಗಿದ ಕೆಲಸ. ತೊಳೆಯೋದು, ಕಬ್ಬಿಣದ ಕಣ ಕರಗಿಸುವ ದ್ರಾವಣ ಸಿಂಪಡಿಸೋದು. ಬ್ರೇಕಿನ ಪುಡಿ ಅಂಟಿಕೊಂಡಿದ್ದ ವೀಲ್ ಮೇಲೆ ಅದು ನೇರಳೆ ಬಣ್ಣಕ್ಕೆ ತಿರುಗಿ ಇಳಿಯುವುದನ್ನ ನೋಡುತ್ತಾ ಕೂರಬಹುದು. ಆಮೇಲೆ ಕ್ಲೇ, ಅಂದರೆ ಅಂಟಿದ ಕೊಳೆ ಎಳೆದು ತೆಗೆಯುವ ಮೆತ್ತನೆಯ ಜೇಡಿಯಂಥ ಉಂಡೆ, ಅದೂ ಸೋಪಿನ ನೀರು ಹಾಕಿ ಜಾರಿಸಿಯೇ, ಒಣ ಮೈಮೇಲೆ ಎಳೆದರೆ ಗೀರು ಖಂಡಿತ. ಅಂಚುಗಳಿಗೆ ಟೇಪು. ಅಂಚಿನಲ್ಲಿ ಬಣ್ಣ ತೆಳ್ಳಗಿರುತ್ತದೆ, ಪಾಲಿಶ್ ಮೆಷಿನ್ನು ಒಂದು ಕ್ಷಣ ಜಾಸ್ತಿ ನಿಂತರೆ ಅಡಿಯ ಪ್ರೈಮರ್ ಕಾಣುತ್ತದೆ. ಕಾರ್ಖಾನೆಯ ಬಣ್ಣ ಎಲ್ಲಾ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಚೀಚೆ. ಅಷ್ಟರಲ್ಲೇ ಜೀವನ. ಅದಕ್ಕೇ ಅಜ್ಜ ಬಣ್ಣದ ದಪ್ಪವನ್ನ ಮೀಟರ್ ಇಟ್ಟು ಅಳೆಯದೆ ಮೆಷಿನ್ ಮುಟ್ಟಲು ಬಿಡಲಿಲ್ಲ. ಮೊದಲು ಒಂದು ಮೂಲೆಯಲ್ಲಿ ಎಲ್ಲಕ್ಕಿಂತ ಸೌಮ್ಯವಾದ ಪಾಲಿಶ್, ಸಾಲದಿದ್ದರೆ ಮಾತ್ರ ಮುಂದಿನದು. ನಮ್ಮಲ್ಲಿ ಉಲ್ಟಾ. ಊರಿನ ಗ್ಯಾರೇಜಿನಲ್ಲಿ ರಬ್ಬಿಂಗ್ ಮಾಡಿಸಿ ಅಂದರೆ ಹುಡುಗ ನೇರ ಒರಟು ಕಾಂಪೌಂಡಿಗೇ ಕೈ ಹಾಕುತ್ತಾನೆ, ಸಂಜೆಗೆ ಕಾರು ಫಳಫಳ, ಮಾರನೇ ದಿನ ಬಿಸಿಲಲ್ಲಿ ನಿಲ್ಲಿಸಿದರೆ ಬಾನೆಟ್ಟಿನ ತುಂಬ ಸುರುಳಿ ಸುರುಳಿ ಗೀರು.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಅದೇ ಊರಿನಲ್ಲಿ ಹಳೇ ಕಾರು ಕೊಳ್ಳೋಕೆ ಬಂದವನ ಮೊದಲ ಪ್ರಶ್ನೆ ಏನು? ಒರಿಜಿನಲ್ ಪೇಂಟಾ? ಬಾಗಿಲು ತೆಗೆದು ರಬ್ಬರ್ ಬೀಡಿಂಗ್ ಮೇಲೆ ಬಣ್ಣದ ಹನಿ ಇದೆಯಾ ಅಂತ ಉಗುರಲ್ಲಿ ಕೆರೆದು ನೋಡುತ್ತಾನೆ. ಹನಿ ಸಿಕ್ಕಿತೋ, ಇದು ಎಲ್ಲೋ ಗುದ್ದಿದ ಗಾಡಿ ಅಂತ ರೇಟು ಇಳಿಸುತ್ತಾನೆ. ಒರಿಜಿನಲ್ ಬೇಕು ಅನ್ನೋರೂ ನಾವೇ, ಒರಿಜಿನಲ್ ಉಳಿಸೋ ತಾಳ್ಮೆ ಇಲ್ಲದೆ ಸ್ಪ್ರೇ ಗನ್ ಹಿಡಿದು ಮುಚ್ಚಿಬಿಡೋರೂ ನಾವೇ.

ಬಣ್ಣ ಆರಿಸುವುದಂತೂ ಇನ್ನೂ ವಿಚಿತ್ರ. ನಮ್ಮಲ್ಲಿ ಕಾರಿನ ಬಣ್ಣ ಆರಿಸುವವನು ಕಾರು ಕೊಳ್ಳುವವನಲ್ಲ. ಇನ್ನೂ ಹುಟ್ಟದ ಒಬ್ಬ ಮುಂದಿನ ಗಿರಾಕಿ ಇರುತ್ತಾನೆ, ಅವನಿಗೆ ಬಿಳಿ ಇಷ್ಟ. ನನ್ನ ಗೆಳೆಯನೊಬ್ಬ ಚಿಕ್ಕಂದಿನಿಂದ ಹಳದಿ ಕಾರಿನ ಕನಸು ಕಂಡವನು. ಶೋರೂಮಿಗೆ ಅಪ್ಪ, ಅಮ್ಮ, ಮಾವ, ಮಾವನ ಪರಿಚಯದ ಡ್ರೈವರು ಎಲ್ಲಾ ಹೋದರು. ಹಳದಿ ಅಂದರೆ ಟ್ಯಾಕ್ಸಿ ಅಂತಾರೆ, ಕಪ್ಪು ಶನಿ, ನೀಲಿಗೆ ಧೂಳು, ಕೆಂಪು ವಯಸ್ಸಿಗೆ ಸರಿಯಲ್ಲ. ಬಿಳಿ ಕಾರಲ್ಲಿ ಮನೆಗೆ ಬಂದ. ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿಲ್ಲ. ಅದನ್ನೂ ಆ ಮುಂದಿನ ಗಿರಾಕಿಗೇ ಇಟ್ಟಿದ್ದಾನೋ ಏನೋ.

ಇಲ್ಲಿ ಕಾರು ಅವರವರ ಹುಚ್ಚು. ನಮ್ಮ ರಸ್ತೆಯಲ್ಲೇ ಒಬ್ಬರು ಎಪ್ಪತ್ತು ದಾಟಿದ ಹೆಂಗಸು, ಕಿತ್ತಳೆ ಬಣ್ಣದ ಎಂಜಿಬಿ ಅನ್ನೋ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಓಡಿಸುತ್ತಾರೆ, ತಲೆಗೆ ಸ್ಕಾರ್ಫು ಕಟ್ಟಿ. ಬಣ್ಣ ಬದಲಾಯಿಸಬೇಕು ಅಂದರೆ ಬದಲಾಯಿಸಿ ಇಲ್ಲಿನ ವಾಹನ ನೋಂದಣಿ ಇಲಾಖೆ ಡಿವಿಎಲ್‌ಎಗೆ ತಿಳಿಸಿದರೆ ಆಯ್ತು, ನೋಂದಣಿ ಪತ್ರ ಹೊಸದು ಬರುತ್ತದೆ, ಅದಕ್ಕೆ ಫೀಸೂ ಇಲ್ಲ. ಊರಲ್ಲಾದರೆ ಆರ್‌ಸಿ ಹಿಡಿದು ಆರ್‌ಟಿಒ ಮುಂದೆ ನಿಲ್ಲಬೇಕು. ಆ ರಗಳೆಗೆ ಹೆದರಿಯೇ ಎಷ್ಟೋ ಜನ ಆಸೆ ಬಿಟ್ಟಿರುತ್ತಾರೆ.

ಇನ್ನು ವೀಲ್ ವಿಷಯ. ಕಪ್ಪು ಮಾಡಿಸು ಅನ್ನೋ ಮಾವನ ಮಾತನ್ನ ಸುಮ್ನೆ ತಳ್ಳಿಹಾಕಲಿಲ್ಲ, ಅದನ್ನೂ ಚಿತ್ರ ಮಾಡಿ ನೋಡಿದೆ. ಕಪ್ಪು ವೀಲು ಟೈರಿನೊಳಗೆ ಮುಳುಗಿಹೋಗುತ್ತದೆ. ಕಾರಿನ ಕೆಳಗೆ ನಾಲ್ಕು ತೂತು ಇದ್ದ ಹಾಗೆ. ಈ ಕಾರಿನದು 14 ಇಂಚಿನ ಪುಟ್ಟ ವೀಲು, ಏಳು ಕಡ್ಡಿ, 1960ರ ದಶಕದ ರೇಸ್ ಕಾರುಗಳ ಮಿನಿಲೈಟ್ ವೀಲ್‌ಗಳ ನೆನಪು ತರುವ ಆಕಾರ. ಅದರ ಚೆಂದವೆಲ್ಲ ಆ ಕಡ್ಡಿಗಳ ನೆರಳಿನಲ್ಲಿದೆ. ಕಪ್ಪು ಬಳಿದರೆ ನೆರಳೇ ಇಲ್ಲ. ತಿಳಿ ಬಣ್ಣ ಹಾಕಿದರೆ ಅದೇ ವೀಲು ದೊಡ್ಡದಾಗಿ ಕಾಣುತ್ತದೆ. ಬೆಳ್ಳಿ ಬಣ್ಣ ಸುರಕ್ಷಿತ, ಕಾರ್ಖಾನೆಯದ್ದೂ ಅದೇ. ಬಿಳಿ ಹಾಕಿದರೆ ಎರಡು ಕಿಲೋಮೀಟರಿಗೇ ಬ್ರೇಕಿನ ಮಸಿ. ಚಿನ್ನದ್ದು ನೀಲಿ ಕಾರಿಗೆ ಒಪ್ಪುತ್ತದೆ ಅಂತ ರ‍್ಯಾಲಿಯ ಸುಬಾರುಗಳನ್ನ ನೋಡಿದವರಿಗೆಲ್ಲ ಗೊತ್ತು. ಕೆಂಪಿಗೂ ಒಪ್ಪುತ್ತದೆ, ಆದರೆ ಮಿರಿಮಿರಿ ಚಿನ್ನವಲ್ಲ, ಸ್ವಲ್ಪ ಮಂಕಾದದ್ದು, ಕಂಚಿನ ಕಡೆಗೆ ವಾಲಿದ್ದು. ಭಾವನಿಗೆ ಇಷ್ಟೆಲ್ಲ ವಿವರಿಸೋಕೆ ಹೋಗಲಿಲ್ಲ.

ಬಣ್ಣ ಆರಿಸಿದ ಮೇಲೂ ಒಂದು ಎಚ್ಚರಿಕೆ ಬೇಕು. ಪೌಡರ್ ಕೋಟಿಂಗ್ ಮಾಡುವವರು ಹಳೇ ಬಣ್ಣ ಕಿತ್ತು, ಪುಡಿ ಸಿಂಪಡಿಸಿ, 200 ಡಿಗ್ರಿಯ ಆಸುಪಾಸಿನ ಒಲೆಯಲ್ಲಿ ಬೇಯಿಸುತ್ತಾರೆ. ಆ ಪದರ ಮಾಮೂಲಿ ಬಣ್ಣಕ್ಕಿಂತ ದಪ್ಪ. ವೀಲು ಆಕ್ಸಲ್ ತುದಿಯ ಹಬ್ಬಿಗೆ ಕೂರುವ ಮುಖ, ನಟ್ ಕೂರುವ ಜಾಗ ಎರಡನ್ನೂ ಮುಚ್ಚಿಯೇ ಸಿಂಪಡಿಸಬೇಕು. ಇಲ್ಲದಿದ್ದರೆ ಓಡಿಸುತ್ತಾ ಓಡಿಸುತ್ತಾ ಆ ಪದರ ಅಮುಕಿಕೊಂಡು ನಟ್ಟು ಸಡಿಲವಾಗುತ್ತದೆ. ಹೇಗಿದ್ದರೂ ಸ್ವಲ್ಪ ದೂರ ಓಡಿಸಿ ಇನ್ನೊಂದು ಸಲ ಬಿಗಿ ನೋಡುವುದು ಒಳ್ಳೆಯದು.

ಹೋದ ಆಯುಧ ಪೂಜೆಗೆ ಬಾನೆಟ್ಟು ಆಗಷ್ಟೇ ಪಾಲಿಶ್ ಆಗಿತ್ತು. ಕುಂಕುಮ ಗಾಜಿಗೆ ಇಟ್ಟೆವು. ಅಮ್ಮ ವಿಡಿಯೋ ಕಾಲಿನಲ್ಲಿ ನೋಡಿ, "ಗಾಜಿಗೆ ಯಾರಾದರೂ ಇಡ್ತಾರೇನೋ, ಬಾನೆಟ್ಟಿಗೆ ಇಡು" ಅಂದರು. ನಿಂಬೆಹಣ್ಣಿಗೆ ತಕರಾರು ಇರಲಿಲ್ಲ, ಇಟ್ಟೆ. ಹಾರದ ತಂತಿ ಮಾತ್ರ ಬಿಚ್ಚಿ ದಾರದಲ್ಲಿ ಕಟ್ಟಿದೆ. ಊರಲ್ಲಿ ಪ್ರತಿ ಹೊಸ ಕಾರಿನ ಗ್ರಿಲ್ಲಿನ ಮೇಲೆ ಮೊದಲ ಗೀರು ಆ ತಂತಿಯದ್ದೇ ಆಗಿರುತ್ತದೆ ನೋಡಿ.

ಇಷ್ಟು ಬೈದಾದ ಮೇಲೆ ಕೆಲವು ಮಾತು ಹೇಳದೆ ಬೇರೆ ದಾರಿಯಿಲ್ಲ. ಬಣ್ಣದ ವಿಷಯದಲ್ಲಿ ಇಲ್ಲಿನವರೂ ಭಾರೀ ರಸಿಕರೇನಲ್ಲ. ಬ್ರಿಟನ್ನಿನಲ್ಲಿ 2018ರಲ್ಲಿ ಹೊಸ ಕಾರುಗಳ ಮೊದಲ ಸ್ಥಾನಕ್ಕೆ ಏರಿದ ಬಣ್ಣ ಬೂದು, ಆಮೇಲೂ ವರ್ಷಗಟ್ಟಲೆ ಅಲ್ಲಿಂದ ಇಳಿಯಲಿಲ್ಲ. ನಮ್ಮ ಬಿಳಿಯಲ್ಲಿ ಬಿಸಿಲನ್ನಾದರೂ ನೆಪ ಹೇಳಬಹುದು, ಈ ಬೂದಿಗೆ ಏನು ನೆಪ? ಮೋಡ ಕವಿದ ಆಕಾಶ, ಒದ್ದೆ ರಸ್ತೆ, ಅದರ ಮೇಲೆ ಬೂದು ಕಾರುಗಳ ಸಾಲು. ಕಿತ್ತಳೆ ಎಂಜಿಬಿಯ ಅಮ್ಮನಂಥವರು ಊರಿಗೊಬ್ಬರು, ಅಷ್ಟೇ.

ಬಾಯಿ ಹಾಕುವವರೂ ಇದ್ದಾರೆ, ಸ್ವಲ್ಪ ಮರ್ಯಾದೆಯಿಂದ ಹಾಕುತ್ತಾರೆ ಅನ್ನೋದೇ ವ್ಯತ್ಯಾಸ. ಹಳೇ ಕಾರುಗಳ ಒಂದು ಕೂಟದಲ್ಲಿ ಒಬ್ಬರು ನನ್ನ ಕೆಂಪನ್ನ ನೋಡಿ, ಇಂಥ ಕಾರು ಹಸಿರೇ ಇರಬೇಕು ಅಂತ ಶುರು ಮಾಡಿದರು. 1903ರಲ್ಲಿ ಗಾರ್ಡನ್ ಬೆನೆಟ್ ಕಾರ್ ರೇಸು ಐರ್ಲೆಂಡಿನಲ್ಲಿ ನಡೆಯಿತಂತೆ, ಇಂಗ್ಲೆಂಡಿನ ರಸ್ತೆಗಳಲ್ಲಿ ರೇಸಿಗೆ ಕಾನೂನು ಅಡ್ಡ ಬರುತ್ತಿತ್ತು, ಐರ್ಲೆಂಡಿನ ಬಣ್ಣವಾದ ಹಸಿರು ಬ್ರಿಟಿಷ್ ರೇಸ್ ಕಾರಿಗೆ ಅಂಟಿದ್ದು ಆ ಕಾಲದಿಂದ. ಕಥೆ ಚೆನ್ನಾಗಿದೆ. ಆದರೆ ಹಿರೋಷಿಮಾದಲ್ಲಿ ಹುಟ್ಟಿದ ಕಾರಿಗೆ ಐರ್ಲೆಂಡಿನ ಹಸಿರು ಯಾಕೆ ಬೇಕು? ಚಿನ್ನದ ವೀಲ್ ಅಂದಾಗ ಅವರ ಮುಖ ನಮ್ಮ ಚಿಕ್ಕಪ್ಪನ ಮುಖಕ್ಕಿಂತ ಏನೂ ಬೇರೆ ಇರಲಿಲ್ಲ.

ತಾಳ್ಮೆಯ ಬಗ್ಗೆಯೂ ಅಷ್ಟೇ. ಇಲ್ಲಿನ ಬಿಸಿಲಿಗೆ ಗುಲಾಬಿಯಾಗೋಕೆ ಹತ್ತಾರು ವರ್ಷ ಬೇಕು. ನಮ್ಮ ಊರಿನ ಏಪ್ರಿಲ್ ಬಿಸಿಲಲ್ಲಿ, ನೆರಳಿಲ್ಲದ ರಸ್ತೆ ಬದಿಯಲ್ಲಿ ನಿಲ್ಲುವ ಕಾರಿನ ಬಣ್ಣ ಅಷ್ಟು ದಿನ ಕಾದಿರುತ್ತಾ? ಬಣ್ಣ ಹೊಡೆಸುವವರನ್ನ ಬೈಯುವ ಮುಂಚೆ ಅದನ್ನೂ ಯೋಚಿಸಬೇಕಿತ್ತು. ಮತ್ತೆ ಇಲ್ಲಿ ಮೇಲೆ ಉಳಿದದ್ದು ಕೆಳಗೆ ಉಳಿಯಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಈ ಕಾರಿನ ಟಾಪಿನ ಹಿಂದೆ ನೀರು ಇಳಿಯುವ ಕೊಳವೆಗಳಿವೆ, ಅವಕ್ಕೆ ಎಲೆ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಟೊಳ್ಳು ತಗಡಿನ, ಅಂದರೆ ಸಿಲ್ಲಿನ, ಒಳಗೆ ನಿಲ್ಲುತ್ತದೆ. ಮೇಲೆ ಕನ್ನಡಿಯಂಥ ಕೆಂಪು, ಕೆಳಗೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವ ತಗಡು. ನನ್ನ ಕಾರಿನ ಹಿಂದಿನ ಎಡ ಆರ್ಚು, ವೀಲಿನ ಮೇಲಿನ ಕಮಾನು, ಹಾಗೇ ಆಗಿದೆ. ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿ, ಬಣ್ಣ ಹೊಡೆಯಲೇಬೇಕು.

ಬಣ್ಣ ಹೊಡೆಯುವ ಮಾತು ಬಂದಾಗ ನಮ್ಮ ಊರಿನ ಪೇಂಟರ್ ನೆನಪಾಗುತ್ತಾರೆ. ಅಪ್ಪನ ಕಾರಿನ ಬಾಗಿಲಿಗೆ ಬಣ್ಣ ಹೊಂದಿಸಿದ್ದು ಅವರು. ಕೋಡು ಗೀಡು ಏನೂ ಇಲ್ಲ. ಡಬ್ಬಿಯಲ್ಲಿ ಬೆರೆಸಿ, ಕಡ್ಡಿಯ ತುದಿಯಿಂದ ಪೆಟ್ರೋಲ್ ಮುಚ್ಚಳದ ಮೇಲೆ ಒಂದು ಚುಕ್ಕೆ ಇಟ್ಟು, ಒಣಗುವ ತನಕ ಬೀಡಿ ಸೇದಿ, ಬಿಸಿಲಿಗೆ ತಿರುಗಿಸಿ ನೋಡಿ, "ಇನ್ನೊಂಚೂರು ಹಳದಿ ಬೇಕು ಸಾರ್" ಅನ್ನುತ್ತಿದ್ದರು. ಅವರು ಹೊಡೆದ ಬಾಗಿಲು ಯಾವುದು ಅಂತ ಅಪ್ಪನಿಗೇ ಗೊತ್ತಾಗುತ್ತಿರಲಿಲ್ಲ. ಇಲ್ಲಿನ ಪೇಂಟ್ ಅಂಗಡಿಯವರು ಬಣ್ಣ ಅಳೆಯುವ ಒಂದು ಯಂತ್ರವನ್ನ ಕಾರಿಗೆ ಒತ್ತಿದರು, ಕಂಪ್ಯೂಟರು ಲೆಕ್ಕ ಹೇಳಿತು, ಬೆರೆಸಿದ ಬಣ್ಣವನ್ನ ಒಂದು ಕಾರ್ಡಿಗೆ ಹೊಡೆದು ಕೊಟ್ಟರು. ಅಂಗಡಿಯ ದೀಪದಡಿ ಸರಿಯಾಗೇ ಇತ್ತು. ಹೊರಗೆ ತಂದು ಆರ್ಚಿನ ಪಕ್ಕ ಹಿಡಿದರೆ ಬೇರೆಯದೇ ಕೆಂಪು, ಸ್ವಲ್ಪ ನೀಲಿಗೆ ವಾಲಿದ್ದು. ನಾನು ತೋರಿಸಿದೆ. ಯಂತ್ರ ಸರಿ ಅಂತಲೇ ಹೇಳುತ್ತಿದೆಯಲ್ಲ ಅಂದರು. ಇನ್ನೊಂದು ಸಲ ಬೆರೆಸಿ ಕೊಡುತ್ತಾರಂತೆ, ಅದಕ್ಕೆ ಬೇರೆ ದುಡ್ಡು.